ಬೇಡರ ವೇಷದ ಲೇಖನ ಕೊನೆಗೂ ನಿಂತ ಬಗೆ

ಕನ್ನಡ ವಿಕಿಪೀಡಿಯದಲ್ಲಿ ಶಿರಸಿಯ ಹೋಳಿ ಕುಣಿತವಾದ ಬೇಡರ ವೇಷದ ಬಗ್ಗೆ ನಾನು ವಿಸ್ತರಿಸಿ ಬರೆದ ಭಾಗ ಎರಡು ವರ್ಷಗಳಿಂದ ಅಳಿಯದೆ ನಿಂತಿದೆ. "ಇಂಗ್ಲಿಷಿನಲ್ಲಿ ಇದ್ದುದನ್ನು ಅನುವಾದಿಸಿದರೆ ಸಾಲದೇ, ಹೋಳಿಯ ಕುಣಿತಕ್ಕೆ ಆಕರ ಎಲ್ಲಿಂದ ತರುತ್ತೀರಿ" ಎಂದು ಕೇಳಿದ್ದವರೇ ಈಗ ಅದನ್ನು ಮಾಡಿದ್ದು ಹೇಗೆಂದು ವಿಚಾರಿಸುತ್ತಿದ್ದಾರೆ.

ಮೊದಲು ನಾನೂ ಅನುವಾದವನ್ನೇ ಮಾಡಿದ್ದೆ. 2009ರ ನಂತರದ ಒಂದೆರಡು ವರ್ಷ ಯಂತ್ರಾನುವಾದವನ್ನು ನೆಚ್ಚಿದ ಗೂಗಲ್ ಅನುವಾದ ಯೋಜನೆಯಿಂದ ಭಾರತೀಯ ಭಾಷೆಗಳ ವಿಕಿಗಳಿಗೆ ಬಂದ ಉದ್ದುದ್ದ ಲೇಖನಗಳನ್ನು ಬಂಗಾಳಿ ಸಂಪಾದಕರು ಏಕೆ ಒಪ್ಪಲಿಲ್ಲವೆಂಬುದು ಆಗ ನನಗೆ ಅರ್ಥವಾಗಿರಲಿಲ್ಲ. ನನ್ನ ಕರಡಿನಲ್ಲಿ ಎಪ್ಪತ್ತು ದಾಟಿದ ವೇಷಧಾರಿಯೊಬ್ಬರು, ಇಂಗ್ಲಿಷಿನ "he" ನೇರವಾಗಿ ಇಳಿದು, "ಅವನು" ಆಗಿದ್ದರು. ಅದನ್ನು ಓದಿದ ಅವರ ಮಗಳು ಮಾತೇ ಆಡಲಿಲ್ಲ. ಆ ಕರಡನ್ನು ಪೂರ್ತಿ ತೆಗೆದುಹಾಕಿದೆ.

ಒಂದೊಂದು ಭಾಷೆಯ ಓದುಗರು ವಿಶ್ವಕೋಶದಿಂದ ಬಯಸುವುದು ಬೇರೆ ಬೇರೆ. ಕೊರಿಯಾದಲ್ಲಿ ಹರಟೆಯ ಧಾಟಿಯಲ್ಲಿ ಅಭಿಪ್ರಾಯಗಳನ್ನೂ ಸೇರಿಸಿ ಬರೆಯುವ ನಾಮುವಿಕಿಗೆ ಕೊರಿಯನ್ ವಿಕಿಪೀಡಿಯಕ್ಕಿಂತ ಹೆಚ್ಚು ಓದುಗರಿದ್ದಾರೆ. 2006ರಲ್ಲಿ ಆರಂಭವಾದ ಚೀನಾದ ಬೈದು ಬೈಕೆಯಲ್ಲಿ ತಿದ್ದುಪಡಿಯನ್ನು ಪರಿಶೀಲಿಸಿದ ನಂತರವೇ ಪ್ರಕಟಿಸುತ್ತಾರೆ. ಜರ್ಮನ್ ವಿಕಿಪೀಡಿಯದವರು ಯಾವ ವಿಷಯಕ್ಕೆ ಲೇಖನ ಸಲ್ಲುತ್ತದೆಂಬುದಕ್ಕೆ ಬಗೆಬಗೆಯ ಮಾನದಂಡಗಳನ್ನು ಬರೆದಿಟ್ಟಿದ್ದಾರೆ. ನಮ್ಮ ಓದುಗರಿಗೆ ಬೇಕಾದದ್ದು ಊರು, ಕಾಲ ಮತ್ತು ಆಚರಣೆಯ ವಿವರ. ಆದ್ದರಿಂದ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ಈ ವೇಷ ಬರುತ್ತದೆಂಬುದರಿಂದಲೇ ಆರಂಭಿಸಿ, ಬೆನ್ನಿನ ನವಿಲುಗರಿ, ಕೈಯ ಕತ್ತಿ ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದೆಳೆಯುವವರು, ತಮಟೆಯ ಗತ್ತು, ಹೀಗೆ ಕಣ್ಣಾರೆ ಕಂಡ ಕ್ರಮದಲ್ಲೇ ಬರೆದೆ.

ಆಕರಕ್ಕಾಗಿ ಜಾಲವನ್ನು ಬಿಟ್ಟು, ಮನೆಗಳ ಅಟ್ಟ ಸೇರಿದ್ದ ಹಳೆಯ ಸ್ಮರಣ ಸಂಚಿಕೆಗಳನ್ನು ಹುಡುಕಿದೆ. ಪೆಟ್ರೋಲು, ಜೆರಾಕ್ಸು, ಸ್ಕ್ಯಾನು ಸೇರಿ ಎರಡೂವರೆ ಸಾವಿರ ರೂಪಾಯಿಯಷ್ಟು ಖರ್ಚಾಗಿರಬಹುದು. ಅದರಲ್ಲಿ ಆರುನೂರು ದಂಡ: ಅಂಗಡಿಯೊಂದರಲ್ಲಿ ಸಂಚಿಕೆಯನ್ನು ಗಾಜಿನ ಮೇಲೆ ಒತ್ತಿದಾಗ ಹೊಲಿಗೆ ಬಿಚ್ಚಿ ಎರಡು ಹಾಳೆ ಹರಿದವು, ಬೈಂಡಿಂಗ್ ಮಾಡಿಸಿಕೊಟ್ಟೆ. ಲೇಖನದ ಪ್ರತಿ ಪರಿಚ್ಛೇದಕ್ಕೂ ಪುಟಸಂಖ್ಯೆ ಸಹಿತ ಉಲ್ಲೇಖ ಕೊಟ್ಟ ಮೇಲೆ ಯಾರೂ ಆಕ್ಷೇಪವೆತ್ತಲಿಲ್ಲ. ನಮ್ಮ ಕಡೆಯ ಆಚರಣೆಗಳ ಬಗ್ಗೆ ಇಷ್ಟು ಉಲ್ಲೇಖಗಳಿರುವ ಲೇಖನವನ್ನು ನಾನಂತೂ ಬೇರೆ ಕಂಡಿಲ್ಲ.

ನಡುವೆ ಕಾರವಾರದ ಗೆಳೆಯರೊಬ್ಬರೊಂದಿಗೆ ಕೊಂಕಣಿ ವಿಕಿಪೀಡಿಯದಲ್ಲೂ ಪ್ರಯತ್ನಿಸಿದೆ. 2015ರಲ್ಲಿ ಶುರುವಾದ ಆ ವಿಕಿಯಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರೂ ಲಿಪಿಗಳ ಬರಹಗಳಿವೆ. ಗೆಳೆಯರಿಗೆ ದೇವನಾಗರಿ ಬೇಕು, ಕುಮಟೆಯ ಅವರ ನೆಂಟರಿಗೆ ಕನ್ನಡ ಲಿಪಿಯೇ ಬೇಕು; ನಾಲ್ಕು ಪರಿಚ್ಛೇದಕ್ಕೆ ನಿಂತಿತು.

ಸಂಚಿಕೆಗಳನ್ನು ಮನೆಯವರು ಅಟ್ಟದಿಂದ ಇಳಿಸಿ ಕೊಡುವಂತೆ ಮಾಡಿದ್ದು ಹೇಗೆಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಇನ್ನೂ ಮೂರು ಮನೆಗಳ ಅಟ್ಟ ನೋಡುವುದು ಬಾಕಿ ಇದೆ.