ಕರಡ ಕೊಯ್ಯಲು ಮಷೀನು ತರುವ ಮುಂಚೆ

ದೀಪಾವಳಿ ಕಳೆದು ಬೇಣದ (ಹುಲ್ಲುಗಾವಲಿನ) ಹುಲ್ಲು ಹಳದಿ ತಿರುಗಿತು ಅಂದರೆ ಶಿರಸಿ, ಸಿದ್ದಾಪುರದ ಮಷೀನು ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕರಡ, ಅಂದರೆ ಈ ಒಣಗಿದ ಹುಲ್ಲು, ಕೊಯ್ಯಲು ಆಳು ಸಿಗುವುದಿಲ್ಲ. ಕೊಟ್ಟಿಗೆಯಲ್ಲಿ ನಾಲ್ಕು ದನ ಇವೆ, ಮಳೆಗಾಲಕ್ಕೆ ಒಣಹುಲ್ಲು ಬೇಕೇ ಬೇಕು. ಅವಸರದಲ್ಲಿ ಹೋದವರು ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದ ಸಿಸಿ (ಎಂಜಿನ್ ಸಿಲಿಂಡರಿನ ಗಾತ್ರ) ನೋಡಿ ಒಂದು ಬ್ರಷ್ ಕಟರ್ ಹೊತ್ತು ತರುತ್ತಾರೆ. ಎರಡನೇ ವರ್ಷಕ್ಕೆ ಅದು ಅಟ್ಟ ಸೇರುತ್ತದೆ. ನಮ್ಮ ಕೇರಿಯಲ್ಲೇ ಹಾಗೆ ಅಟ್ಟ ಸೇರಿದ ಐದು ಮಷೀನುಗಳಿವೆ. ಅದರಲ್ಲಿ ಒಂದು ನನ್ನದೇ.

ಹೆಜ್ಜೆ 1: ಬೇಕೋ ಬೇಡವೋ ನೋಡಿ

ಬೇಣ ಒಂದೆಕರೆಗಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಪಕ್ಕದ ಮನೆಯವರ ಮಷೀನು, ಜೊತೆಗೆ ಅದನ್ನು ಹೊಡೆಯುವವನು, ಎರಡು ದಿನದ ಬಾಡಿಗೆ, ಮುಗಿಯಿತು. ಹೋಬಳಿಯಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರ ಇದ್ದರೆ ಅಲ್ಲೂ ಕೇಳಿ. ಟ್ರ್ಯಾಕ್ಟರಿಗೆ ಕಟ್ಟುವ ಡ್ರಮ್ ಮೋವರ್ ವಿಡಿಯೊ ನೋಡಿ ಆಸೆಪಡಬೇಡಿ. ಅದು ಸಮತಟ್ಟು ಹೊಲದ ಯಂತ್ರ. ನಮ್ಮ ಬೇಣ ಅಂದರೆ ಇಳಿಜಾರು, ಚಿರೆಕಲ್ಲಿನ ಚೂರು, ನಡುನಡುವೆ ಕವಳಿ ಮಟ್ಟಿ, ಅಂದರೆ ಮುಳ್ಳು ಪೊದೆ. ಇಲ್ಲಿಗೆ ಹೆಗಲಿಗೆ ಹಾಕುವ ಬ್ರಷ್ ಕಟರ್ ಒಂದೇ ದಾರಿ. ಬ್ಯಾಟರಿಯದ್ದು ಅಂಗಳದ ಅಂಚು ಸವರಲು ಚೆನ್ನ. ದಿನವಿಡೀ ಕರಡ ಕೊಯ್ಯಲು ಆಗುವುದಿಲ್ಲ.

ಹೆಜ್ಜೆ 2: ಸಿಸಿ ಮರೆತುಬಿಡಿ

ಹೆಚ್ಚಿನವರು ಎಡವುವುದು ಇಲ್ಲೇ. ಸಿಸಿ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತ ಲೆಕ್ಕ. ಹಾಗೇನಿಲ್ಲ. ಹೋಂಡಾದ ಜಿಎಕ್ಸ್35 ಎಂಜಿನ್ 35.8 ಸಿಸಿ, ನಾಲ್ಕು ಸ್ಟ್ರೋಕಿನದು, ಸುಮಾರು 1 ಕಿಲೋವ್ಯಾಟ್ ಶಕ್ತಿ. ಸ್ಟಿಲ್ ಎಫ್‌ಎಸ್ 120 ಬರೀ 30.8 ಸಿಸಿ, ಎರಡು ಸ್ಟ್ರೋಕು, 1.3 ಕಿಲೋವ್ಯಾಟ್. ಅಂದರೆ ಚಿಕ್ಕದೇ ಜಾಸ್ತಿ ಎಳೆಯುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ, ನಾಲ್ಕರದ್ದು ಎರಡು ಸುತ್ತಿಗೊಮ್ಮೆ. ಆದ್ದರಿಂದ ಕೇಳಬೇಕಾದ್ದು ಕಿಲೋವ್ಯಾಟ್ ಎಷ್ಟು ಅಂತ. ಬೇಣದ ಹುಲ್ಲಿಗೆ 1 ಸಾಕು, ಮಟ್ಟಿ ಇದ್ದರೆ 1.3ರ ಮೇಲಿರಲಿ.

ಇನ್ನು ಸ್ಟಿಕ್ಕರಿನ ಸಿಸಿಯಂತೂ ನಂಬಲೇಬೇಡಿ. ಹತ್ತು ಸಾವಿರದೊಳಗೆ ಸಿಗುವ, ಹೆಸರು ಕೇಳಿರದ ಕಂಪನಿಯ ಮಷೀನುಗಳ ಎಂಜಿನ್ ಮೇಲೆ ಒಂದು ಸಂಕೇತ ಅಚ್ಚಾಗಿರುತ್ತದೆ. 1ಇ40ಎಫ್-5 ಅಂತಿದ್ದರೆ ಒಳಗಿನ ಸಿಲಿಂಡರ್ 40 ಮಿಲಿಮೀಟರ್ ಅಗಲ ಅಂತ ಅರ್ಥ, ಲೆಕ್ಕ ಹಾಕಿದರೆ 42.7 ಸಿಸಿ. 1ಇ44ಎಫ್-5 ಇದ್ದರೆ ಮಾತ್ರ 52 ಸಿಸಿ ಹತ್ತಿರ ಬರುತ್ತದೆ. ನಾನು ಆನ್‌ಲೈನಿನಲ್ಲಿ ತರಿಸಿದ್ದಕ್ಕೆ ಹೊರಗೆ 52 ಅಂತ ಬಣ್ಣದ ಸ್ಟಿಕ್ಕರ್ ಇತ್ತು. ಮೊದಲ ಸಲ ಸರ್ವಿಸ್ ಮಾಡುವಾಗ ಎಣ್ಣೆ ಒರೆಸಿ ನೋಡಿದರೆ ಕೆಳಗೆ 40 ಅಂತಿತ್ತು! ಅಷ್ಟರಲ್ಲಿ ವಾಪಸು ಕೊಡುವ ಗಡುವು ಮುಗಿದಿತ್ತು.

ಎರಡು ಸ್ಟ್ರೋಕೋ ನಾಲ್ಕೋ? ಮಷೀನನ್ನು ನೀವೇ ಹೊಡೆಯುವುದಾದರೆ ನಾಲ್ಕು ಸ್ಟ್ರೋಕು ತಗೊಳ್ಳಿ. ಸದ್ದು, ಹೊಗೆ ಎರಡೂ ಕಡಿಮೆ, ಪೆಟ್ರೋಲಿಗೆ ಎಣ್ಣೆ ಬೆರೆಸುವ ತಲೆಬಿಸಿ ಇಲ್ಲ. ಆದರೆ ಆ ಜಿಎಕ್ಸ್35ಕ್ಕೆ ಹಿಡಿಯುವ ಎಣ್ಣೆ ಬರೀ 100 ಮಿಲಿ. ಒಂದು ಟೀ ಲೋಟದಷ್ಟು. ಅದನ್ನು ದಿನಾ ನೋಡದವನ ಕೈಗೆ ಕೊಟ್ಟರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಆಳಿನ ಕೈಗೆ ಕೊಡುವುದಾದರೆ ಎರಡು ಸ್ಟ್ರೋಕೇ ವಾಸಿ, ಪೆಟ್ರೋಲು ನೀವೇ ಕಲಸಿ ಕ್ಯಾನಿನಲ್ಲಿ ಕೊಟ್ಟುಬಿಡಿ. ಕಂಪನಿಯ ಎಣ್ಣೆ 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. ಕಣ್ಣಂದಾಜು ಬೇಡ, ಮಕ್ಕಳ ಔಷಧಿ ಮುಚ್ಚಳದಲ್ಲಿ ಅಳೆಯಿರಿ.

ಹೆಜ್ಜೆ 3: ಹೆಗಲಿಗೋ ಬೆನ್ನಿಗೋ

ಕರಡಕ್ಕೆ ಹೆಗಲಿಗೆ ಹಾಕುವ ಉದ್ದ ಪೈಪಿನದು, ಸೈಕಲ್ ಹ್ಯಾಂಡಲಿನಂಥ ಹಿಡಿ ಇರುವುದು. ಬೆನ್ನಿಗೆ ಹೊರುವುದು ತೋಟದ ಏರಿ, ಕಾಲುವೆ ಅಂಚಿಗೆ ಅನುಕೂಲ, ಆದರೆ ಹುಲ್ಲು ಸಾಲಾಗಿ ಬೀಳುವಂತೆ ಒಂದೇ ಹದದಲ್ಲಿ ಬೀಸಲು ಬರುವುದಿಲ್ಲ. ಮೇಲಾಗಿ ಅದರ ಒಳಗಿನ ಬಳುಕುವ ಕೇಬಲ್ಲಿಗೆ ಗ್ರೀಸ್ ಹಾಕಲು ಮರೆತರೆ ತುಂಡಾಗುತ್ತದೆ. ಮರೆಯದವರನ್ನು ನಾನು ಕಂಡಿಲ್ಲ.

ಹೆಜ್ಜೆ 4: ಬ್ಲೇಡು

ಅಂಗಡಿಯವರು ನೈಲಾನ್ ದಾರದ ತಲೆ ಉಚಿತ ಅಂತ ಕೊಡುತ್ತಾರೆ. ಕಳೆ ಸವರಲು ಇಟ್ಟುಕೊಳ್ಳಿ. ಕರಡಕ್ಕೆ ಹಾಕಿದಿರೋ, ಹುಲ್ಲು ಪುಡಿಪುಡಿಯಾಗಿ ಮಣ್ಣಿನ ಜೊತೆ ಸೇರುತ್ತದೆ. ಹೊರೆ ಕಟ್ಟಲು ಬರುವುದಿಲ್ಲ, ದನ ಮೂಸಿ ಬಿಡುತ್ತದೆ. ಕಲ್ಲಿಲ್ಲದ ಬೇಣಕ್ಕೆ 80 ಹಲ್ಲಿನ ಉಕ್ಕಿನ ಬ್ಲೇಡು, ಕಲ್ಲು ಮಟ್ಟಿ ಇದ್ದಲ್ಲಿ 3 ಹಲ್ಲಿನದು. 40 ಹಲ್ಲಿನ ಕಾರ್ಬೈಡ್ ಬ್ಲೇಡು ಅಂಗಡಿಯಲ್ಲಿ ಫಳಫಳ ಹೊಳೆಯುತ್ತದೆ. ಚಿರೆಕಲ್ಲಿಗೆ ತಾಗಿದರೆ ಅದರ ತುದಿ ಗುಂಡಿನ ಹಾಗೆ ಹಾರುತ್ತದೆ. ನಮ್ಮ ಕಡೆಗೆ ಅದು ಬೇಡವೇ ಬೇಡ. ಜೊತೆಗೆ ಭತ್ತ ಕೊಯ್ಯಲು ಹಾಕುವ ತಗಡಿನ ಗಾರ್ಡ್ ಕೇಳಿ ತನ್ನಿ. ಕೊಯ್ದ ಹುಲ್ಲನ್ನು ಅದು ಎಡಕ್ಕೆ ಸಾಲಾಗಿ ಮಲಗಿಸುತ್ತದೆ. ಹಿಂದಿನಿಂದ ಬಂದವರು ಹಾಗೇ ಬಾಚಿ ಹೊರೆ ಕಟ್ಟಬಹುದು.

ಹೆಜ್ಜೆ 5: ಕೊಯ್ದು ನೋಡದೆ ದುಡ್ಡು ಕೊಡಬೇಡಿ

ಅಂಗಡಿ ಮುಂದೆ ನಿಂತು ಬರ್‍ರ್ ಅನ್ನಿಸಿದರೆ ಎಲ್ಲ ಮಷೀನೂ ಒಂದೇ. ಹುಲ್ಲಿರುವ ಜಾಗಕ್ಕೆ ಒಯ್ದು ಅರ್ಧ ಗಂಟೆ ಕೊಯ್ಯಬೇಕು. ಅಂಗಡಿಯವರು ಒಪ್ಪದಿದ್ದರೆ ಅದೇ ಮಾಡೆಲ್ ತಂದವರ ಮನೆಗೆ ಹೋಗಿ. ದಿನಾ ಹೊಡೆಯುವವನನ್ನೇ ಕರೆದೊಯ್ಯಿರಿ, ಆರಡಿ ಎತ್ತರದ ನೀವು ಹಾಕಿ ನೋಡಿದರೆ ಪ್ರಯೋಜನ ಇಲ್ಲ.

ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆ ಒಮ್ಮೆ ಹಚ್ಚಿಟ್ಟಿದ್ದಾರೆ ಅಂತ ಲೆಕ್ಕ. ತಣ್ಣಗಿದ್ದಾಗ ನಾಲ್ಕೈದು ಎಳೆತಕ್ಕೆ ಹತ್ತಬೇಕು. ಹತ್ತಿದ ಮೇಲೆ ಆಕ್ಸಿಲರೇಟರಿನಿಂದ ಕೈ ಬಿಟ್ಟು, ನಿಧಾನದಲ್ಲಿ ಓಡಲು ಬಿಡಿ. ಆಗ ಬ್ಲೇಡು ತಿರುಗಬಾರದು. ತಿರುಗಿದರೆ ಒಂದೋ ಕ್ಲಚ್ ಸರಿ ಇಲ್ಲ, ಇಲ್ಲವೇ ಕಾರ್ಬೊರೇಟರ್ ಸ್ಕ್ರೂ ಬಿಗಿ ಮಾಡಿ ಎಂಜಿನ್ ನಿಲ್ಲದ ಹಾಗೆ ನೋಡಿಕೊಂಡಿದ್ದಾರೆ.

ಈಗ ಪಟ್ಟಿ ಹಾಕಿ ತೂಗುಬಿಟ್ಟು ಕೈ ತೆಗೆಯಿರಿ. ಬ್ಲೇಡು ನೆಲದಿಂದ ಒಂದು ಗೇಣು ಒಳಗೆ, ನೆಲಕ್ಕೆ ಸಮನಾಗಿ ನಿಲ್ಲಬೇಕು. ಮೂತಿ ನೆಲಕ್ಕೆ ಕುಕ್ಕಿದರೆ ದಿನವಿಡೀ ಅದನ್ನು ಎತ್ತಿ ಹಿಡಿಯುವುದು ನಿಮ್ಮ ಸೊಂಟ. ಕೊಕ್ಕೆಯನ್ನು ಪೈಪಿನ ಮೇಲೆ ಹಿಂದೆ ಮುಂದೆ ಸರಿಸಿ ನೋಡಿ, ಆಗಲೂ ಸರಿ ಬಾರದಿದ್ದರೆ ಆ ಮಷೀನು ನಿಮ್ಮ ಮೈಗಲ್ಲ. ಒಂದೇ ಹೆಗಲಿನ ತೆಳು ಪಟ್ಟಿ ಕೊಟ್ಟರೆ ಬೇಡ ಅನ್ನಿ, ಎರಡೂ ಹೆಗಲಿನದನ್ನು ಪ್ರತ್ಯೇಕ ಕೊಂಡರೂ ನಷ್ಟವಿಲ್ಲ.

ಬ್ಲೇಡು ಎಡಕ್ಕೆ ಸುತ್ತುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸುತ್ತಾ, ಬ್ಲೇಡಿನ ಎಡ ಅಂಚಿನಲ್ಲಿ ಕೊಯ್ಯಬೇಕು. ಮುಂದಿನ ಬಲ ಮೂಲೆ ಕಲ್ಲಿಗೋ ಮಟ್ಟಿಯ ಬುಡಕ್ಕೋ ತಾಗಿದರೆ ಮಷೀನು ಒದ್ದು ಹಿಂದೆ ಬರುತ್ತದೆ. ಹತ್ತು ಮಾರು ಕೊಯ್ದ ಮೇಲೆ ತಿರುಗಿ ನೋಡಿ. ಕೂಳೆ ಅಂದರೆ ಬುಡದಲ್ಲಿ ಉಳಿದ ಕಡ್ಡಿ, ಅದು ಒಂದೇ ಎತ್ತರಕ್ಕೆ ಇರಬೇಕು. ಹುಲ್ಲು ಬಾಗಿ ಮತ್ತೆ ಎದ್ದು ನಿಂತಿದ್ದರೆ ವೇಗ ಸಾಲದು ಅಥವಾ ಬ್ಲೇಡು ಮೊಂಡು.

ಕಾಲು ಗಂಟೆ ಆದ ಮೇಲೆ ಬಂದ್ ಮಾಡಿ, ಬ್ಲೇಡಿನ ಮೇಲಿರುವ ಗೇರ್ ಡಬ್ಬಿಯ ಹತ್ತಿರ ಬೆರಳು ಒಯ್ಯಿರಿ. ಬೆಚ್ಚಗಿದ್ದರೆ ಸರಿ. ಮುಟ್ಟಿ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಒಳಗೆ ಗ್ರೀಸ್ ಇಲ್ಲ ಅಥವಾ ಗೇರು ಕಳಪೆ. ನನ್ನದು ಸತ್ತದ್ದು ಅಲ್ಲೇ. ಡಿಸೆಂಬರ್ ಮೊದಲ ವಾರ, ಅರ್ಧ ಬೇಣ ಬಾಕಿ, ಕರಕರ ಅಂತು, ಬ್ಲೇಡು ನಿಂತಿತು, ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಬಿಚ್ಚಿದರೆ ಹಲ್ಲುಗಳೆಲ್ಲ ಸವೆದು ಬೋಳು. ಕಡೆಯದಾಗಿ ಬ್ಲೇಡನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಹೊಸ ಮಷೀನಿನಲ್ಲಿ ಲಟಲಟ ಅನ್ನಬಾರದು. ಮತ್ತೆ ಮಷೀನಿನ ನಡುಕಕ್ಕೆ ಹೊಡೆದವನ ಬೆರಳು ಜುಮುಜುಮು ಅನ್ನುತ್ತಿದೆಯಾ ಕೇಳಿ.

ಹೆಜ್ಜೆ 6: ಬಿಡಿಭಾಗ ಕಣ್ಣಿಗೆ ಕಾಣಲಿ

ಕಾರ್ಬೊರೇಟರಿನ ರಬ್ಬರ್ ಪೊರೆ, ಕ್ಲಚ್ ಶೂ, ಎಳೆಯುವ ಹಗ್ಗದ ಸ್ಪ್ರಿಂಗು, ಗೇರು. ಈ ನಾಲ್ಕನ್ನು ಟೇಬಲ್ ಮೇಲೆ ಇಡಿ ಅನ್ನಿ. ‘ಅದ್ಕೇನು ಮಾರಾಯ್ರೇ, ಫೋನ್ ಮಾಡಿದ್ರೆ ಎರಡು ದಿನದಲ್ಲಿ ತರಿಸ್ಕೊಡ್ತೇವೆ’ ಅಂದರೆ ನಮಸ್ಕಾರ ಹೇಳಿ ಹೊರಡಿ. ನನಗೂ ಹೀಗೇ ಒಬ್ಬರು ಹೇಳಿದ್ದರು, ಆ ಎರಡು ದಿನ ಇನ್ನೂ ಮುಗಿದಿಲ್ಲ.

ಸಬ್ಸಿಡಿ ಬೇಕಾದರೆ ಕೊಳ್ಳುವ ಮುಂಚೆಯೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇರಲಿ. ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ, ಎರಡಕ್ಕೂ ಗರಿಷ್ಠ ಮಿತಿ ಇದೆ. ಪಟ್ಟಿಯಲ್ಲಿರುವ ಮಾಡೆಲ್ ನಿಮ್ಮ ಬೇಣಕ್ಕೆ ಹೊಂದದಿದ್ದರೆ ಸುಮ್ನೆ ಸಬ್ಸಿಡಿ ಬಿಟ್ಟುಬಿಡಿ.

ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿ. ಕೊಯ್ಲು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಮಳೆಗಾಲವಿಡೀ ನೀರು ಹೀರಿಕೊಂಡು ಆ ರಬ್ಬರ್ ಪೊರೆಯನ್ನು ಹಾಳು ಮಾಡುತ್ತದೆ.

ಹೊರಡುವ ಮುಂಚೆ ಬ್ಲೇಡಿನ ನಟ್ಟು ಎರಡು ಜಾಸ್ತಿ ತಗೊಳ್ಳಿ. ಅದರ ಥ್ರೆಡ್ಡು ಉಲ್ಟಾ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಪಕ್ಕದ ಮನೆಯ ಹುಡುಗ ಇದು ಗೊತ್ತಿಲ್ಲದೆ ಪಾನಾಕ್ಕೆ ಪೈಪು ಸಿಕ್ಕಿಸಿ, ಮೇಲೆ ನಿಂತು ತುಳಿದು, ನಟ್ಟು ಶಾಫ್ಟು ಎರಡನ್ನೂ ಮುರಿದಿಟ್ಟ. ಮಷೀನು ತಂದು ಮೂರು ದಿನ ಆಗಿತ್ತಷ್ಟೆ.