ಡೆವಲಪ್‌ಮೆಂಟಲ್ ಡಿಲೇ (ಬೆಳವಣಿಗೆ ನಿಧಾನ) ಇರೋ ಪುಟ್ಟ ಮಗಳ ಜೊತೆ ನಾವು ಕ್ರಿಸ್‌ಮಸ್ ಮಾಡಿದ ರೀತಿ

ನಮ್ಮ ಮಗಳಿಗೆ ಸ್ನಾಯುಗಳಲ್ಲಿ ಬಿಗಿ ಕಮ್ಮಿ, ಸಾಮಾನ್ಯವಾಗಿ 9 ತಿಂಗಳಿಗೆಲ್ಲ ಮಕ್ಕಳು ಆಸರೆ ಇಲ್ದೆ ಕೂತ್ಕೋತಾರೆ, ಇವಳಿಗೆ ವರ್ಷ ತುಂಬಿದ್ರೂ ಆಸರೆ ಬೇಕು. ಹಾಗಾಗಿ ಅವಳಿಗೆ ಸುಸ್ತಾಗದಿರಲಿ ಅಂತ ನಾವು ಹಬ್ಬನ ಒಂದೇ ದಿನಕ್ಕೆ ತುರುಕಲಿಲ್ಲ. ಕ್ರಿಸ್‌ಮಸ್ ಕಾಲ ಜನವರಿ 6ರ ಎಪಿಫನಿ (ಮೂವರು ರಾಜರ ಹಬ್ಬ) ತನಕ ಇದ್ದೇ ಇರುತ್ತಲ್ಲ, ನೆಂಟರಿಗೆಲ್ಲ ಮೊದಲೇ ಫೋನ್ ಮಾಡಿ, ಒಂದೊಂದ್ ಮನೆಯವರು ಒಂದೊಂದ್ ದಿನ ಬನ್ನಿ, ಅವಳು ನಿದ್ದೆ ಮುಗಿಸಿ ಎದ್ದಿರೋ ಹೊತ್ತಿಗೆ ಬನ್ನಿ ಅಂದ್ವಿ.

ನಡುರಾತ್ರಿ ಪೂಜೆಗೆ ನಮ್ಮೆಜಮಾನ್ರು ಹೋದ್ರು, ನಾನು ಮಗೂನ ಕರ್ಕೊಂಡು ಬೆಳಗಿನ ಪೂಜೆಗೆ ಹೋದೆ, ಬಾಗಿಲ ಪಕ್ಕದ ಬೆಂಚು, ಸ್ಪೀಕರ್‌ನಿಂದ ದೂರ. ಸದ್ದು ಜಾಸ್ತಿಯಾದ್ರೆ ಇವಳು ಅಳೋಕೆ ಮುಂಚೆನೇ ಬೆರಳು ಅಗಲಿಸಿ ಬೆನ್ನು ಸೆಟೆಸ್ತಾಳೆ, ಅದು ಕಂಡ ತಕ್ಷಣ ಮುಖ ನನ್ನ ಎದೆಗೆ ತಿರುಗಿಸಿ ಬಿಗಿಯಾಗಿ ಅಪ್ಕೊಂಡು ಹೊರಗೆ ಬರೋದು. ಅರ್ಧ ಪೂಜೆ ಆದ್ರೂ ಸಾಕು, ದೇವರಿಗೆ ಗೊತ್ತಾಗುತ್ತೆ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನ ತೋರಿಸೋ ಬೊಂಬೆ ಜೋಡಣೆ. ಮೇಜಿನ ಮೇಲೆ ಇಡದೆ ನೆಲದ ಮೇಲೇ ಇಟ್ವಿ, ಬೊಂಬೆಗಳೆಲ್ಲ ಬಟ್ಟೇದು, ಮಿಣುಕೋ ಲೈಟ್ ಬದಲು ಒಂದೇ ಸಮ ಉರಿಯೋ ಲೈಟ್. ಅವಳನ್ನ ಮಗ್ಗುಲಿಗೆ ಮಲಗಿಸಿ ಬೆನ್ನಿಗೆ ಟವೆಲ್ ಸುತ್ತಿ ಒತ್ತು ಕೊಡ್ತಿದ್ದೆ, ಹಾಗೆ ಮಲಗಿದ್ರೆ ಕೈ ಮೇಲಕ್ಕೆ ಎತ್ತೋ ಶ್ರಮ ಇರಲ್ಲ, ಎರಡೂ ಕೈ ಸುಲಭವಾಗಿ ಮುಂದೆ ಬರುತ್ತೆ ಅಂತ ಫಿಸಿಯೋ ಮೇಡಂ ತೋರಿಸ್ಕೊಟ್ಟಿದ್ರು. ಕುರಿಮರಿನ ಸುಮ್ನೆ ನೋಡ್ತಾ ಇರ್ತಾಳೆ, ಕೈ ಬರೋಕೆ ಹೊತ್ತು ಹಿಡಿಯುತ್ತೆ, ನಾವು ಎತ್ತಿ ಕೈಗೆ ಕೊಟ್ಬಿಡಬಾರದು, ಕಾಯ್ಬೇಕು. ಕೊನೆಗೆ ಅದರ ಕಿವಿ ಹಿಡಿದು ಸೀದಾ ಬಾಯಿಗೆ! ಥೆರಪಿಗೆ ರಜೆ ಇದ್ದ ದಿನಗಳಲ್ಲಿ ನಮಗೆ ಇದೇ ಎಕ್ಸರ್‌ಸೈಜ್ ಆಯ್ತು.

ಓರಗೆಯ ಮಕ್ಕಳು ಮನೆ ತುಂಬಾ ಓಡಾಡ್ತಿದ್ರೆ ಹೊಟ್ಟೆಯೊಳಗೆ ಸಂಕಟ ಆಗುತ್ತೆ, ಆಗೇ ಆಗುತ್ತೆ. "ಇನ್ನೂ ಕೂತ್ಕೊಳ್ಳಲ್ವಾ?" ಅಂತ ಅತ್ತಿಗೆ ಕೇಳಿದಾಗ "ಇಲ್ಲ ಅತ್ತಿಗೆ, ಈಗೀಗ ಮಗುಚ್ಕೋತಾಳೆ, ನೀವೂ ಕೆಳಗೆ ಕೂತ್ಕೊಂಡು ನೋಡಿ" ಅಂದೆ, ಅವರೂ ಕೆಳಗೆ ಕೂತು ಆಡಿಸಿದ್ರು.

ತಿನ್ನೋ ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜೂ ನೋಡಲಿಲ್ಲ. ಅಗಿಯೋಕೆ ಬರದ ಮಗು ಬಾಯಿಗೆ ಒಂದು ಚೂರು ಕೇಕ್ ಇಟ್ರೂ ಗಂಟಲಿಗೆ ಸಿಕ್ಕಬಹುದು, ಅದಕ್ಕೇ ನನ್ನನ್ನ ಕೇಳದೆ ಯಾರೂ ಏನೂ ತಿನ್ನಿಸೋ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ. ಉಡುಗೊರೆಗೂ ಅಷ್ಟೇ, ಹಗುರ ಗಿಲಕಿ ತನ್ನಿ, ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಇರೋ ಆಟಿಕೆ ಬೇಡ, ಆ ಸೆಲ್ ನುಂಗಿದ್ರೆ ಅನ್ನನಾಳದಲ್ಲಿ ಸಿಕ್ಕಿ ಅದನ್ನ ಸುಟ್ಟುಬಿಡಬಹುದು.