ನಂಪೈ, ಪಾಂಡಾಸ್, ನಂಬಾ ಒಂದಕ್ಕೊಂದು ಹೊಂದದಿದ್ದಾಗ

ಕೆಆರ್‌ಎಸ್‌ನ ದಿನದ ನೀರಿನ ಮಟ್ಟ, ಒಳಹರಿವು, ಹೊರಹರಿವು ತುಂಬಿದ ಒಂದು ಸಿಎಸ್‌ವಿ ಫೈಲು, ಅದನ್ನು ಓದಿ ಗ್ರಾಫ್ ಬರೆಯುವ ಒಂದು ಹಳೆಯ ನೋಟ್‌ಬುಕ್ಕು. ಮಾನಸಗಂಗೋತ್ರಿಯ ಲ್ಯಾಬಿನಲ್ಲೋ ಮಂಡ್ಯದ ಕಾಲೇಜಿನಲ್ಲೋ 2023ರಲ್ಲಿ ಸಲೀಸಾಗಿ ಓಡಿದ್ದು ಈಗ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಕೋಡು ಕೆಟ್ಟಿಲ್ಲ, ಅದರ ಕೆಳಗಿನ ಪ್ಯಾಕೇಜುಗಳು (ಸಂಖ್ಯೆಗಳ ಲೆಕ್ಕದ ನಂಪೈ, ಕೋಷ್ಟಕಗಳ ಪಾಂಡಾಸ್, ಲೆಕ್ಕಕ್ಕೆ ವೇಗ ಕೊಡುವ ನಂಬಾದಂಥ ಪೈಥಾನ್ ಲೈಬ್ರರಿಗಳು) ಬದಲಾಗಿವೆ. (ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಏನಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ಪೈಥಾನ್ 3.11ರ ಹೊಸ ಎನ್ವಿರಾನ್‌ಮೆಂಟಿನಲ್ಲಿ (ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಜಾಗ) ಪಾಂಡಾಸ್ 2.0.3 ಹಾಕಿ. ನಂಪೈ ಕನಿಷ್ಠ ಯಾವ ಆವೃತ್ತಿ ಇರಬೇಕು ಎಂದು ಅದು ಹೇಳಿಕೊಂಡಿದೆ, ಎಲ್ಲಿಯವರೆಗೆ ಎಂದು ಹೇಳಿಲ್ಲ. ಆದ್ದರಿಂದ ಪ್ಯಾಕೇಜುಗಳನ್ನು ತಂದು ಹಾಕುವ ಪಿಪ್ ನೇರವಾಗಿ ನಂಪೈ 2ರ ಸರಣಿಯದನ್ನು ತರುತ್ತದೆ. ‘ಪಿಪ್ ಚೆಕ್’ ಕೊಟ್ಟರೆ ಎಲ್ಲ ಸರಿ ಇದೆ ಎನ್ನುತ್ತದೆ. ಇಂಪೋರ್ಟ್ ಮಾಡಿದ ಕೂಡಲೇ ‘ನಂಪೈ ಡಿಟೈಪ್ ಸೈಜ್ ಚೇಂಜ್ಡ್’ ಎಂಬ ದೋಷ. 2024ರ ಜೂನ್‌ನಲ್ಲಿ ಬಂದ ನಂಪೈ 2.0 ತನ್ನ ಬೈನರಿ ವ್ಯವಸ್ಥೆಯನ್ನೇ ಬದಲಿಸಿತು. ನಂಪೈ 1ಕ್ಕೆ ಕಂಪೈಲ್ ಮಾಡಿದ ಸಿ ಕೋಡು ಅದರೊಡನೆ ಕೆಲಸ ಮಾಡುವುದಿಲ್ಲ. ಪಾಂಡಾಸ್‌ನಲ್ಲಿ 2.2.2ರಿಂದ ಮಾತ್ರ ಇದು ಸರಿಹೋಗಿದೆ.

ಪರಿಹಾರ ಎರಡು: ಪಾಂಡಾಸನ್ನು 2.2.2ಕ್ಕೋ ಅದಕ್ಕಿಂತ ಮೇಲಕ್ಕೋ ಏರಿಸಿ, ಇಲ್ಲವೇ ನಂಪೈಯನ್ನು 2ಕ್ಕಿಂತ ಕೆಳಗೆ ಕಟ್ಟಿಹಾಕಿ. ಹಳೆಯ ಲೆಕ್ಕವೇ ಮತ್ತೆ ಬರಬೇಕು ಎಂದಾದರೆ ಎರಡನೆಯದೇ ಸರಿ. ಟರ್ಮಿನಲ್‌ನಲ್ಲಿ ‘ನಂಪೈ<2’ ಎಂದು ಬರೆಯುವಾಗ ಉದ್ಧರಣ ಚಿಹ್ನೆ ಮರೆಯಬೇಡಿ. ಚಿಹ್ನೆ ಇಲ್ಲದಿದ್ದರೆ ಲಿನಕ್ಸ್ ಶೆಲ್ ಆ ‘<’ ಗುರುತನ್ನು ಫೈಲಿನಿಂದ ಓದು ಎಂದು ತಿಳಿದು, 2 ಎಂಬ ಫೈಲೇ ಇಲ್ಲ ಎಂದು ದೂರುತ್ತದೆ. ಅದೇ ಸಾಲನ್ನು ಕನ್‌ಸ್ಟ್ರೇಂಟ್ಸ್ ಫೈಲಿನಲ್ಲಿ (ಆವೃತ್ತಿಗಳ ಮಿತಿ ಬರೆದಿಡುವ ಫೈಲು) ಬರೆದು ‘ಮೈನಸ್ ಸಿ’ ಆಯ್ಕೆಯಲ್ಲಿ ಕೊಟ್ಟರೆ ಈ ತೊಂದರೆ ಇಲ್ಲ.

ಇನ್ನೊಂದು ಬಗೆಯ ಘರ್ಷಣೆಯನ್ನು ಪಿಪ್ ತಾನೇ ಕಂಡುಹಿಡಿಯುತ್ತದೆ. ನಂಬಾ 0.59 ನಂಪೈ 1.26ರವರೆಗೆ ಮಾತ್ರ ಒಪ್ಪುತ್ತದೆ. ನೀವು ನಂಪೈ 2ನ್ನೂ ಕೇಳಿದರೆ ‘ರೆಸಲ್ಯೂಷನ್ ಇಂಪಾಸಿಬಲ್’ ಎಂದು ನಿಲ್ಲುತ್ತದೆ. ಗಾಬರಿ ಬೇಡ. ದೋಷದ ಕೊನೆಯ ಸಾಲಲ್ಲ, ಅದರ ಮೇಲಿನ ‘ದ ಕಾನ್‌ಫ್ಲಿಕ್ಟ್ ಈಸ್ ಕಾಸ್ಡ್ ಬೈ’ ಎಂಬ ಭಾಗ ಓದಿ. ಯಾವ ಪ್ಯಾಕೇಜಿಗಾಗಿ ಯಾರ್ಯಾರು ಜಗಳವಾಡುತ್ತಿದ್ದಾರೆ ಎಂದು ಅಲ್ಲೇ ಬರೆದಿರುತ್ತದೆ. ಅವರಲ್ಲಿ ನಿಮಗೆ ಕಡಿಮೆ ಮುಖ್ಯವಾದದ್ದರ ಆವೃತ್ತಿಯನ್ನು ಸಡಿಲ ಬಿಡಿ. ಇಲ್ಲಿ ನಂಬಾ 0.60ಕ್ಕೆ ಏರಿದರೆ ನಂಪೈ 2.0 ಹೊಂದುತ್ತದೆ. ಈಗಾಗಲೇ ಇರುವ ಎನ್ವಿರಾನ್‌ಮೆಂಟಿನಲ್ಲಿ ನಂಪೈಯನ್ನು ಯಾರು ಹಿಡಿದಿದ್ದಾರೆ ಎಂದು ತಿಳಿಯಲು ‘ಪಿಪ್‌ಡೆಪ್‌ಟ್ರೀ’ ಹಾಕಿ, ‘ರಿವರ್ಸ್’ ಆಯ್ಕೆಯಲ್ಲಿ ನೋಡಿ.

ಹೆಚ್ಚಿನವರು ಎಡವುವುದು ಒಂದೊಂದಾಗಿ ಇನ್‌ಸ್ಟಾಲ್ ಮಾಡುವುದರಲ್ಲಿ. ಇವತ್ತು ನಂಬಾ, ನಾಳೆ ಮತ್ತೊಂದು ಹಾಕುತ್ತ ಹೋದರೆ ಪಿಪ್ ಆ ಹೊತ್ತಿನ ಕಮಾಂಡಿನಲ್ಲಿ ಇರುವುದನ್ನಷ್ಟೇ ಹೊಂದಿಸುತ್ತದೆ. ಮೊದಲಿದ್ದದ್ದು ಮುರಿದರೆ ಕೊನೆಗೊಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ಬೇಕಾದದ್ದೆಲ್ಲವನ್ನೂ ಒಂದೇ ಫೈಲಿನಲ್ಲಿ ಬರೆದು, ಒಂದೇ ಸಲ ಕೊಡಿ. ಮೊದಲು ‘ಡ್ರೈ-ರನ್’ ಹಾಕಿದರೆ ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ.

ಪ್ರತಿ ಕೆಲಸಕ್ಕೂ ಬೇರೆ ವೆನ್ವ್ (ಪೈಥಾನ್‌ನ ಪ್ರತ್ಯೇಕ ಎನ್ವಿರಾನ್‌ಮೆಂಟು) ಇರಲಿ. ನಾಲೆಯ ಒಂದೇ ತೂಬಿಗೆ ಭತ್ತದ ಗದ್ದೆಯನ್ನೂ ಕಬ್ಬಿನ ಹೊಲವನ್ನೂ ಜೋಡಿಸಿ, ಇಬ್ಬರಿಗೂ ಬೇಕಾದ ದಿನ ಬೇಕಾದಷ್ಟು ನೀರು ಸಿಗಲಿ ಎಂದರೆ ಆಗುವುದಿಲ್ಲ. ಸಿಸ್ಟಮ್ ಪೈಥಾನ್‌ಗೆ ಎಲ್ಲವನ್ನೂ ತುರುಕುವುದೂ ಹಾಗೆಯೇ. ಉಬುಂಟು 24.04ರಂಥವು ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ತಡೆಯುತ್ತವೆ. ಆ ತಡೆಯನ್ನು ಮುರಿಯುವ ಆಯ್ಕೆ ಇದೆ, ದಯವಿಟ್ಟು ಬಳಸಬೇಡಿ.

ಪೈಥಾನ್ ಆವೃತ್ತಿಯೂ ಮುಖ್ಯ. ಪಾಂಡಾಸ್ 2.0.3ಕ್ಕೆ ಪೈಥಾನ್ 3.13ರ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜು ಫೈಲು) ಇಲ್ಲ. ಪಿಪ್ ಮೂಲ ಕೋಡ್ ತಂದು ಕಂಪೈಲ್ ಮಾಡಹೊರಟು ನೂರಾರು ಸಾಲು ಕೆಂಪು ದೋಷ ಸುರಿಸುತ್ತದೆ. ‘ಓನ್ಲಿ-ಬೈನರಿ’ ಆಯ್ಕೆ ಕೊಟ್ಟರೆ ಆ ಗೋಜಿಗೇ ಹೋಗದೆ, ಹೊಂದುವ ವೀಲ್ ಇಲ್ಲ ಎಂದು ಬೇಗ ಹೇಳಿಬಿಡುತ್ತದೆ. ಹಳೆಯ ಪೈಥಾನ್ ಬೇಕಿದ್ದರೆ ಪಿಪ್‌ನಂಥದೇ ಇನ್ನೊಂದು ಉಪಕರಣ ‘ಯುವಿ’ ಸುಲಭ: ‘ಯುವಿ ವೆನ್ವ್’ ಜೊತೆ 3.11 ಎಂದರೆ ತಾನೇ ತರುತ್ತದೆ. ಅದರ ‘ಎಕ್ಸ್‌ಕ್ಲೂಡ್-ನ್ಯೂಯರ್’ ಆಯ್ಕೆಯೂ ಹಳೆಯ ನೋಟ್‌ಬುಕ್ಕಿಗೆ ವರ. 2023ರ ಜುಲೈನ ಒಂದು ದಿನಾಂಕ ಕೊಟ್ಟರೆ ಅದರ ನಂತರ ಬಂದ ಯಾವ ಪ್ಯಾಕೇಜನ್ನೂ ಪರಿಗಣಿಸುವುದಿಲ್ಲ. ಮೇಲೆ ಹೇಳಿದ ಪಾಂಡಾಸ್ 2.0.3ರ ತೊಂದರೆ ಅಷ್ಟರಲ್ಲೇ ತೀರುತ್ತದೆ.

ಕಾವೇರಿ ಜಲಾನಯನದ ನಕ್ಷೆಗೆಂದು ಜಿಡಾಲ್ (ನಕ್ಷೆಯ ದತ್ತಾಂಶ ಓದುವ ಲೈಬ್ರರಿ) ಬೇಕಾದವರು ಪಿಪ್ ಬಿಟ್ಟು ಮಿನಿಫೋರ್ಜ್ (ಕಾಂಡಾ ಎಂಬ ಇನ್ನೊಂದು ಪ್ಯಾಕೇಜು ವ್ಯವಸ್ಥೆಯನ್ನು ತರುವ ಇನ್‌ಸ್ಟಾಲರ್) ಹಾಕಿಕೊಳ್ಳುವುದು ಲೇಸು. ಪಿಪ್‌ನಲ್ಲಿ ಜಿಡಾಲ್ ಹಾಕಲು ಯಂತ್ರದಲ್ಲಿ ಅದರ ಸಿ++ ಲೈಬ್ರರಿ ಮೊದಲೇ ಇರಬೇಕು, ಆವೃತ್ತಿಯೂ ತಾಳೆಯಾಗಬೇಕು. ಕಾಂಡಾ-ಫೋರ್ಜ್ ಎಂಬ ಕಾಂಡಾದ ಚಾನೆಲ್ (ಪ್ಯಾಕೇಜುಗಳ ಭಂಡಾರ) ಆ ಲೈಬ್ರರಿಯನ್ನೂ ಜೊತೆಗೇ ಕೊಡುತ್ತದೆ. ಚಾನೆಲ್ ಬೆರೆಸಬೇಡಿ. ಕಾಂಡಾದ್ದೆಲ್ಲ ಮುಗಿದ ಮೇಲೆ ಮಾತ್ರ ಪಿಪ್. ಆಮೇಲೆ ಮತ್ತೆ ಕಾಂಡಾ ಓಡಿಸಬೇಕಾದರೆ ಎನ್ವಿರಾನ್‌ಮೆಂಟನ್ನೇ ಹೊಸದಾಗಿ ಕಟ್ಟಿ.

ಎಲ್ಲ ಹೊಂದಿದ ಮೇಲೆ ಲಾಕ್ ಮಾಡಿ, ಅಂದರೆ ಆವೃತ್ತಿಗಳನ್ನು ಬರೆದಿಡಿ. ನಿಮಗೆ ಬೇಕಾದ ನಾಲ್ಕೈದು ಹೆಸರು ಒಂದು ಫೈಲಿನಲ್ಲಿ, ‘ಯುವಿ ಪಿಪ್ ಕಂಪೈಲ್’ ಕೊಟ್ಟ ಪೂರ್ತಿ ಪಟ್ಟಿ ಇನ್ನೊಂದರಲ್ಲಿ. ಎರಡನ್ನೂ ಕೋಡಿನ ಜೊತೆಗೇ ಇಡಿ.

ಇಂಟರ್ನೆಟ್ ನಿಧಾನವಾದ ಲ್ಯಾಬಿನಲ್ಲಿ ಮೂವತ್ತು ಯಂತ್ರಕ್ಕೆ ಹಾಕಬೇಕೆ? ಒಂದು ಯಂತ್ರದಲ್ಲಿ ಲಾಕ್ ಪಟ್ಟಿಯನ್ನು ‘ಪಿಪ್ ಡೌನ್‌ಲೋಡ್’ಗೆ ಕೊಟ್ಟು ವೀಲ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ. ಉಳಿದವುಗಳಲ್ಲಿ ‘ನೋ-ಇಂಡೆಕ್ಸ್’, ‘ಫೈಂಡ್-ಲಿಂಕ್ಸ್’ ಆಯ್ಕೆಗಳಿಂದ ಹಾಕಿ. ವೀಲ್ ಹೆಸರಿನಲ್ಲಿ ‘ಸಿಪಿ311’ ಮತ್ತು ‘ವಿನ್’ ಎಂದಿದ್ದರೆ ಅದು ವಿಂಡೋಸ್‌ನ ಪೈಥಾನ್ 3.11ಕ್ಕೆ ಮಾತ್ರ, ಲಿನಕ್ಸ್ ಯಂತ್ರಕ್ಕೆ ಹೊಂದುವುದಿಲ್ಲ. ‘ಪಿಪ್ ಚೆಕ್’ ಜೊತೆಗೆ ಪ್ರತಿ ಯಂತ್ರದಲ್ಲೂ ಪ್ಯಾಕೇಜುಗಳನ್ನು ನಿಜವಾಗಿಯೇ ಇಂಪೋರ್ಟ್ ಮಾಡಿ, ಹತ್ತು ಸಾಲಿನ ಸಿಎಸ್‌ವಿ ಓದಿಸಿ ನೋಡಿ.